ಬರೆದಿಟ್ಟರೆ ಪ್ರೀತಿ ಕಡಿಮೆಯಾಗುವುದೇ?



ನನ್ನ ಮಗಳ ವಿವಾಹ ನಿಶ್ಚಯದ ದಿನ ವರನ ಕಡೆಯವರ ಮುಂದೆ ನಾನು ಎರಡು ಮಾತು ಹೇಳಿದೆ. ಒಂದು, ಮಹ್ರ್ ನಿಕಾಹ್‌ನ ದಿನವೇ ಅವಳ ಕೈಸೇರಬೇಕು, ಅದು ಎಷ್ಟೆಂದು ಜಮಾಅತಿನ ನಿಕಾಹ್ ಪುಸ್ತಕದಲ್ಲಿ ದಾಖಲಾಗಬೇಕು. ಎರಡು, ಅವಳು ಮೈಮೇಲೆ ಹಾಕಿಕೊಂಡು ಬರುವ ಚಿನ್ನದ ಪಟ್ಟಿಯೊಂದನ್ನು ಬರೆದು ಎರಡೂ ಮನೆಯವರು ಅದಕ್ಕೆ ಸಹಿ ಹಾಕಬೇಕು.

ಕೋಣೆಯಲ್ಲಿ ಒಂದು ಕ್ಷಣ ಮೌನ. ಅನಂತರ ವರನ ಹಿರಿಯ ಅತ್ತೆ ನಗುತ್ತಲೇ ಕೇಳಿದರು: “ಏನು ಟೀಚರೇ, ನಿಕಾಹ್‌ಗೆ ಮೊದಲೇ ತಲಾಕ್‌ನ ಲೆಕ್ಕ ಹಾಕುತ್ತಿದ್ದೀರಾ? ನಮ್ಮ ಮೇಲೆ ನಂಬಿಕೆ ಇಲ್ಲವೇ?”

ಅವರ ಮಾತಿನಲ್ಲಿ ಕೊಂಕು ಇರಲಿಲ್ಲ. ಸಂಬಂಧ ಬೆಳೆಸಲು ಪ್ರೀತಿಯಿಂದ ಬಂದವರು ಅವರು. ಆದ್ದರಿಂದ ನಾನೂ ನಕ್ಕು ಸುಮ್ಮನಾದೆ. ಆದರೆ ಆ ಪ್ರಶ್ನೆ ಸಣ್ಣದಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಹೆಣ್ಣಿನ ಕಡೆಯವರ ಬಾಯಿ ಮುಚ್ಚಿಸುವುದು ಇದೇ ಪ್ರಶ್ನೆ. ಅಂದು ಅವರಿಗೆ ಹೇಳದೆ ಉಳಿದ ಉತ್ತರವನ್ನು ಇಂದು ನಿಮ್ಮ ಮುಂದೆ ಹೇಳುತ್ತೇನೆ.

ನಮ್ಮದು ಕಕ್ಕಿಂಜೆ. ಚಾರ್ಮಾಡಿ ಘಾಟಿಯ ಬುಡದಲ್ಲಿರುವ ಊರು. ಮಳೆಗಾಲ ಬಂತೆಂದರೆ ಅಂಗಳದ ಪಾಚಿ ಒಣಗುವುದೇ ಇಲ್ಲ. ನನ್ನ ಬಾಲ್ಯದಲ್ಲಿ ಇಲ್ಲಿ ಹುಡುಗಿಯರು ಏಳನೆಯ ತರಗತಿಗೆ ಶಾಲೆ ಬಿಟ್ಟರೆ ಯಾರೂ ಯಾಕೆಂದು ಕೇಳುತ್ತಿರಲಿಲ್ಲ. ನನ್ನನ್ನೂ ಬಿಡಿಸಿದರು. ಆದರೆ ಬಾಪನಿಗೆ ದೀನೀ ಶಿಕ್ಷಣದ ಮೇಲೆ ಆಸೆ. ಹೆಣ್ಣು ಮಕ್ಕಳ ಅರಬಿಕ್ ಕಾಲೇಜಿಗೆ ಸೇರಿಸಿದರು. ಅಲ್ಲಿ ಕುರ್‌ಆನ್, ಹದೀಸ್, ಫಿಕ್‌ಹ್ ಓದಿದೆ. ನಿಕಾಹ್, ತಲಾಕ್, ಇದ್ದತ್‌ಗಳ ಅಧ್ಯಾಯಗಳನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದೆ. ಅವೆಲ್ಲ ಬೇರೆ ಯಾರಿಗೋ ಸಂಬಂಧಿಸಿದ ವಿಷಯಗಳೆಂದು ಆಗ ಅನಿಸಿತ್ತು.

1998ರಲ್ಲಿ, ಹದಿನೆಂಟು ತುಂಬಿದ ಕೂಡಲೇ ನನ್ನ ಮದುವೆಯಾಯಿತು. ಬಾಪ ಇದ್ದ ಅಡಿಕೆ ತೋಟದ ಒಂದು ತುಂಡು ಮಾರಿ ಇಪ್ಪತ್ತು ಪವನು ಚಿನ್ನ ಹಾಕಿದರು. ಎರಡನೆಯ ವರ್ಷ ಪತಿಗೆ ಗಲ್ಫ್‌ನ ವೀಸಾಕ್ಕೆ ಹಣ ಬೇಕಾಯಿತು. ನನ್ನ ಹದಿನೈದು ಪವನನ್ನು ಬಿಚ್ಚಿಕೊಟ್ಟೆ. ಮಹ್ರ್‌ನ ಮೂರು ಪವನಿನ ಸರವೂ ಅದರಲ್ಲಿ ಸೇರಿತ್ತು. ಯಾರೂ ಒತ್ತಾಯ ಮಾಡಲಿಲ್ಲ. ಸತ್ಯ ಹೇಳಬೇಕೆಂದರೆ, ಕೇಳುವ ಮೊದಲೇ ಕೊಟ್ಟೆ. ಗಂಡನ ಕಷ್ಟಕ್ಕೆ ಆಗದ ಚಿನ್ನ ಯಾಕೆ?

ಅಂದು ಒಂದು ತುಂಡು ಕಾಗದ ಬರೆದಿದ್ದರೆ! ಆದರೆ ಹೇಗೆ ಬರೆಯಲಿ? ಗಂಡ ಹೆಂಡಿರ ನಡುವೆ ಕಾಗದವೇ? ನಂಬಿಕೆ ಇಲ್ಲವೇ? ನೋಡಿ, ವರನ ಅತ್ತೆ ಕೇಳಿದ ಪ್ರಶ್ನೆಯನ್ನು ನಾನು ಅಂದೇ ನನಗೆ ಕೇಳಿಕೊಂಡಿದ್ದೆ.

2001ರಲ್ಲಿ ಮಗಳು ಹುಟ್ಟಿದಳು. ಅದೇ ವರ್ಷ ಬಾಪ ತೀರಿಕೊಂಡರು. 2003ರ ಮಳೆಗಾಲದಲ್ಲಿ ಉಮ್ಮ ಅಂಗಳದಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡಾಗ ಆರೈಕೆಗೆಂದು ತವರಿಗೆ ಬಂದಿದ್ದೆ. ಆ ದಿನಗಳಲ್ಲೇ ಅಣ್ಣನ ಹೆಸರಿಗೆ ವಿದೇಶದಿಂದ ಒಂದು ಪತ್ರ ಬಂತು. ಒಂದೇ ಹಾಳೆ. ಮೂರು ತಲಾಕ್. ಕಾರಣ ಬರೆದಿರಲಿಲ್ಲ.

ಆ ದಿನದ ದುಃಖವನ್ನು ವರ್ಣಿಸಲಾರೆ. ಇದನ್ನು ಓದುತ್ತಿರುವವರಲ್ಲಿ ಕೆಲವರಿಗಾದರೂ ಅದನ್ನು ವರ್ಣಿಸುವ ಅಗತ್ಯವಿಲ್ಲ. ಆದರೆ ದುಃಖಕ್ಕಿಂತ ಮೊದಲು ಹಸಿವು ಬಾಗಿಲಲ್ಲಿ ನಿಂತಿತ್ತು. ಅಣ್ಣ ಲಾರಿಯಲ್ಲಿ ಹೋದರೆ ವಾರಕ್ಕೊಮ್ಮೆ ಬರುವವನು, ಅವನಿಗೂ ಸಂಸಾರವಿತ್ತು. ನಮ್ಮ ಮನೆಯ ಒಲೆ ಉರಿಯುತ್ತಿದ್ದುದು ಉಮ್ಮ ಕಟ್ಟುವ ಬೀಡಿಯಿಂದ. ಕಾಲು ಮುರಿದರೂ ಅವರ ಬೆರಳುಗಳಿಗೆ ಏನೂ ಆಗಿರಲಿಲ್ಲ. ಗೋಡೆಗೆ ಒರಗಿ ಕುಳಿತು, ತಡ್ಪೆಯನ್ನು ಮಡಿಲಲ್ಲಿಟ್ಟುಕೊಂಡು ಕಟ್ಟುತ್ತಲೇ ಇದ್ದರು. ಆದರೆ ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಮುಟ್ಟಿಸಿ ಎಲೆ, ಹೊಗೆಸೊಪ್ಪು ತರುವವರು ಯಾರು?

ನಾನು ಹೊರಟೆ. ನೆರೆಮನೆಯ ಅಜ್ಜಿ ಬೇಲಿಯಾಚೆಯಿಂದಲೇ ಗದರಿದರು: “ಇದ್ದತ್‌ನಲ್ಲಿ ಕೂರಬೇಕಾದವಳು ಪೇಟೆಗೆ ಇಳಿಯುವುದೇ? ಕಲಿತವಳಲ್ಲವೇ ನೀನು?” ಕಾಲು ಅಲ್ಲೇ ನಿಂತಿತು. ಅಂದು ಬೀಡಿ ಹೋಗಲಿಲ್ಲ.

ಆ ರಾತ್ರಿ ಮಗಳು ಮಲಗಿದ ಮೇಲೆ ಟ್ರಂಕಿನಿಂದ ನನ್ನ ಹಳೆಯ ನೋಟುಪುಸ್ತಕ ತೆಗೆದೆ. ಇದ್ದತ್‌ನ ಅಧ್ಯಾಯ. ಪರೀಕ್ಷೆಗೆಂದು ಓದಿ ಮರೆತಿದ್ದ ಒಂದು ಹದೀಸ್ ಅಲ್ಲಿತ್ತು. ಸಹೀಹ್ ಮುಸ್ಲಿಮ್‌ನಲ್ಲಿ ಹಝ್ರತ್ ಜಾಬಿರ್(ರ) ತಮ್ಮ ತಾಯಿಯ ಸಹೋದರಿಯ ಬಗ್ಗೆ ತಿಳಿಸಿದ ಘಟನೆ. ಆ ಮಹಿಳೆಗೆ ತಲಾಕ್ ಆಗಿತ್ತು. ಇದ್ದತ್‌ನ ದಿನಗಳಲ್ಲಿ ತಮ್ಮ ಖರ್ಜೂರದ ಫಸಲು ಕೊಯ್ಯಲು ಹೊರಟಾಗ ಒಬ್ಬರು ಗದರಿ ತಡೆದರು. ಅವರು ನೇರವಾಗಿ ಪ್ರವಾದಿ ಮುಹಮ್ಮದ್(ಸ)ರ ಬಳಿ ಹೋದರು. ಪ್ರವಾದಿಯವರು(ಸ) ಅವರನ್ನು ಹಿಂದಕ್ಕೆ ಕಳುಹಿಸಲಿಲ್ಲ. ಹೋಗಿ ಫಸಲು ಕೊಯ್ಯಲು ಅನುಮತಿ ಕೊಟ್ಟರು. ಅದರಿಂದ ಅವರು ದಾನ ಮಾಡಬಹುದು, ಇನ್ನಾವುದಾದರೂ ಒಳಿತು ಮಾಡಬಹುದು ಎಂದೂ ಹೇಳಿದರು.

ಬೆಳಗ್ಗೆ ಉಮ್ಮನಿಗೆ ಇದನ್ನು ಹೇಳಿದೆ. ಉಮ್ಮ ಬೀಡಿಯ ನೂಲು ಸುತ್ತುತ್ತಾ ಕೇಳಿಸಿಕೊಂಡರು. “ಅವರಿಗೆ ಖರ್ಜೂರದ ಮರ ಇತ್ತು. ನಮಗೆ ಬೀಡಿ ಇದೆ. ಹೋಗು” ಎಂದರು.

ಹೋದೆ. ನೆರೆಯ ಅಜ್ಜಿಗೂ ಆ ಹದೀಸ್ ಹೇಳಿದೆ. ಮರುದಿನದಿಂದ ಅವರೇ ನನ್ನ ಮಗಳನ್ನು ನೋಡಿಕೊಂಡರು. ಅವರು ಕೆಟ್ಟವರಾಗಿರಲಿಲ್ಲ. ಕೇಳಿದ್ದನ್ನಷ್ಟೇ ಹೇಳಿದ್ದರು.

ಸಹೋದರಿಯರೇ, ಆ ಘಟನೆಯನ್ನು ನಾನು ಆಮೇಲೆ ಎಷ್ಟೋ ಸಲ ತರಗತಿಯಲ್ಲಿ ಕಲಿಸಿದ್ದೇನೆ. ಪ್ರತಿ ಸಲವೂ ನನ್ನ ಮನಸ್ಸು ಒಂದು ಮಾತಿನ ಬಳಿ ನಿಲ್ಲುತ್ತದೆ. ಆ ಖರ್ಜೂರದ ಮರಗಳು ಅವರದ್ದು. ತಂದೆಯದ್ದಲ್ಲ, ಅಣ್ಣನದ್ದಲ್ಲ, ತಲಾಕ್ ಕೊಟ್ಟ ಗಂಡನದ್ದಲ್ಲ. ಅವರು ಅನುಮತಿ ಕೇಳಲು ಹೋದುದು ತಮ್ಮದೇ ಫಸಲನ್ನು ಕೊಯ್ಯಲು.

ನನ್ನದೆಂದು ಏನಿತ್ತು? ಅಂದು ಕುಳಿತು ಲೆಕ್ಕ ಹಾಕಿದೆ. ರೇಷನ್ ಕಾರ್ಡಿನಲ್ಲಿ ನಾನು ಗಂಡನ ಮನೆಯವಳು. ಬ್ಯಾಂಕ್ ಖಾತೆ ಇಲ್ಲ. ಎಸ್.ಎಸ್.ಎಲ್.ಸಿ. ಇಲ್ಲ. ಚಿನ್ನ ಕೊಟ್ಟದ್ದಕ್ಕೆ ಸಾಕ್ಷಿ ಇಲ್ಲ. ಮಹ್ರ್ ಎಷ್ಟೆಂದು ಬಾಯಿಮಾತಿನಲ್ಲಿ ಗೊತ್ತು, ಬರಹದಲ್ಲಿ ಇಲ್ಲ. ಐದು ವರ್ಷದ ದಾಂಪತ್ಯದಿಂದ ನನ್ನ ಕೈಗೆ ಬಂದ ಏಕೈಕ ಕಾಗದ ಆ ತಲಾಕ್ ಪತ್ರ. ಅದೂ ಅಣ್ಣನ ಹೆಸರಿಗೆ!

ಅಕ್ಷರವೇ ತಿಳಿಯದ ಉಮ್ಮನ ಬಳಿ ಒಂದು ತಗಡಿನ ಪೆಟ್ಟಿಗೆ ಇತ್ತು. ಅದರಲ್ಲಿ ಬೀಡಿ ಕಾರ್ಮಿಕರ ಗುರುತಿನ ಚೀಟಿ, ಬ್ರಾಂಚಿನ ಪಾಸ್ ಪುಸ್ತಕ, ಪಿ.ಎಫ್. ಚೀಟಿಗಳು. ಎಲ್ಲದರಲ್ಲೂ ಅವರ ಹೆಸರು, ಅವರ ಹೆಬ್ಬೆಟ್ಟು. ಈ ಚೀಟಿಗಳು ಸುಮ್ಮನೆ ಬಂದವಲ್ಲ. ಬೀಡಿ ಕಾರ್ಮಿಕರಿಗಾಗಿ 1966ರಲ್ಲಿ ಕಾಯಿದೆ ಬಂದಾಗ ಮಾಲೀಕರು ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಸುಪ್ರೀಂ ಕೋರ್ಟ್ 1974ರಲ್ಲಿ ಕಾಯಿದೆಯನ್ನು ಎತ್ತಿಹಿಡಿಯಿತು. ಆ ತೀರ್ಪಿನ ಪ್ರಕರಣಕ್ಕೆ ನಮ್ಮ ಮಂಗಳೂರಿನ ಹೆಸರೇ ಇದೆ. 1977ರಲ್ಲಿ ಭವಿಷ್ಯ ನಿಧಿ ಬೀಡಿ ಉದ್ಯಮಕ್ಕೂ ಬಂತು. ಮನೆಯಲ್ಲೇ ಕುಳಿತು ಬೀಡಿ ಕಟ್ಟುವ ಹೆಂಗಸರೂ ಕಾರ್ಮಿಕರೇ, ಅವರಿಗೂ ಅದು ಸಲ್ಲಬೇಕೆಂದು 1985ರಲ್ಲಿ ನ್ಯಾಯಾಲಯ ಒಪ್ಪಿತು.

ನನ್ನ ಮದುವೆಯ ಸಮಯದಲ್ಲಿ ಬಾಪ ಆ ಪಿ.ಎಫ್.ನಿಂದ ಹಣ ತೆಗೆಯಲು ಕೇಳಿದ್ದರಂತೆ. ಜೀವನದಲ್ಲಿ ಬಾಪನಿಗೆ ಎದುರು ಮಾತನಾಡದ ಉಮ್ಮ ಅದೊಂದಕ್ಕೆ ಮಾತ್ರ ಹೆಬ್ಬೆಟ್ಟು ಒತ್ತಲಿಲ್ಲ. ನನಗೆ ಆಗ ಬೇಸರವಾಗಿತ್ತು. ಅದೇ ಹಣ ಮುಂದೆ ನನ್ನ ಕಾಲೇಜಿನ ಶುಲ್ಕವಾಯಿತು.

ಹೌದು, ಓದಿದೆ. ಬೆಳಗ್ಗೆ ಮದ್ರಸದಲ್ಲಿ ಹುಡುಗಿಯರಿಗೆ ಕಲಿಸುವುದು, ಹಗಲು ಬೀಡಿ, ರಾತ್ರಿ ಪುಸ್ತಕ. 2005ರಲ್ಲಿ ಖಾಸಗಿಯಾಗಿ ಎಸ್.ಎಸ್.ಎಲ್.ಸಿ. ಕಟ್ಟಿದೆ. ಗಣಿತದಲ್ಲಿ ಒಮ್ಮೆ ಬಿದ್ದು ಎರಡನೆಯ ಸಲ ಎದ್ದೆ. ಪಿ.ಯು.ಸಿ. ಆಯಿತು. ಅನಂತರ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಿಂದ ಬಿ.ಎ. ಮುಗಿಸಿದಾಗ ಮಗಳು ನಾಲ್ಕನೆಯ ತರಗತಿ. ಪರೀಕ್ಷೆಯ ದಿನ ತಾಯಿ ಮಗಳು ಇಬ್ಬರೂ ಒಂದೇ ಬಸ್ಸು ಹತ್ತಿದ್ದೂ ಉಂಟು. ಇದೆಲ್ಲ ಹೇಳಿದಷ್ಟು ಸುಲಭವಾಗಿರಲಿಲ್ಲ. ಅತ್ತಿಗೆಯ ಮುಖ ಸಿಂಡರಿಸಿದ ದಿನಗಳಿದ್ದವು. ಮದುವೆ ಮನೆಗಳಲ್ಲಿ ನನ್ನನ್ನು ಮದುಮಗಳ ಕೋಣೆಗೆ ಹೋಗಗೊಡದೆ ಅಡುಗೆ ಮನೆಗೆ ಕಳುಹಿಸಿದವರೂ ಇದ್ದರು. ತಲಾಕ್ ಆದವಳ ನೆರಳು ತಾಗುತ್ತದೆಯೆಂದು ಯಾವ ಕಿತಾಬಿನಲ್ಲಿದೆ? ನಾನು ಓದಿದ ಯಾವ ಕಿತಾಬಿನಲ್ಲೂ ಇಲ್ಲ.

ಓದುವ ದಿನಗಳಲ್ಲೇ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಸಿಕ್ಕಿತು. 1984ರಲ್ಲಿ ಪುಸ್ತಕವಾಗಿ ಬಂದದ್ದು. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, 2023ರ ಜನವರಿಯಲ್ಲಿ ಮಂಗಳೂರಿನಲ್ಲಿ ನಿಧನರಾದ ಅವರ ಬರಹಗಳ ಬಗ್ಗೆ ನಮ್ಮವರಲ್ಲಿ ಭಿನ್ನಾಭಿಪ್ರಾಯ ಇತ್ತು, ಈಗಲೂ ಇದೆ. ನಾನು ಆ ಚರ್ಚೆಗೆ ಹೋಗುವುದಿಲ್ಲ. ಆದರೆ ನಾದಿರಾಳ ಕಥೆ ಓದಿ ನಾನು ಅತ್ತೆ. ಗಂಡ ಹೆಂಡತಿ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ. ಜಗಳ ತಂದೆಗೂ ಅಳಿಯನಿಗೂ. ತಲಾಕ್ ಆಗುವುದು ನಾದಿರಾಳಿಗೆ. ಮದುವೆ ಅವಳ ತೀರ್ಮಾನವಲ್ಲ, ವಿಚ್ಛೇದನ ಅವಳ ತೀರ್ಮಾನವಲ್ಲ, ಮರಳಿ ಹೋಗುವ ದಾರಿಯೂ ಅವಳ ತೀರ್ಮಾನವಲ್ಲ. ಕೊನೆಗೆ ಅವಳು ಮಸೀದಿಯ ಕೆರೆಯ ಪಾಲಾಗುತ್ತಾಳೆ. ಪುಸ್ತಕ ಮುಚ್ಚಿದಾಗ ನನಗೆ ಅನಿಸಿದ್ದು ಒಂದೇ: ನಾದಿರಾಳ ಕೈಯಲ್ಲಿ ಒಂದು ತಡ್ಪೆಯಾದರೂ ಇದ್ದಿದ್ದರೆ! ಅವಳ ಹೆಸರಿನಲ್ಲಿ ಒಂದು ಚೀಟಿಯಾದರೂ ಇದ್ದಿದ್ದರೆ!

ಬಿ.ಎ. ಓದುವಾಗ ನನಗೆ ಇನ್ನೊಂದು ಆಘಾತವಾಯಿತು. ನನಗೆ ತಲಾಕ್ ಪತ್ರ ಬಂದ 2003ರಲ್ಲಿ ನನಗೆ ಹಕ್ಕುಗಳಿದ್ದವು, ನನಗೆ ಗೊತ್ತಿರಲಿಲ್ಲ. ಶಾ ಬಾನು ಪ್ರಕರಣದ ಬಳಿಕ 1986ರಲ್ಲಿ ಬಂದ ಮುಸ್ಲಿಮ್ ಮಹಿಳಾ ಕಾಯಿದೆಯಲ್ಲಿಯೇ ಮಹ್ರ್‌ನ ಬಾಕಿ, ಮದುವೆಯ ಮುಂಚೆ, ಮದುವೆಯಲ್ಲಿ, ಮದುವೆಯ ಬಳಿಕ ಅವಳಿಗೆ ಸಿಕ್ಕಿದ ಸೊತ್ತು ಎಲ್ಲವೂ ವಿಚ್ಛೇದಿತೆಗೆ ಸೇರಬೇಕೆಂದಿದೆ. ಕೊಡದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ಇದ್ದತ್‌ನ ಅವಧಿಯೊಳಗೆ ಅವಳ ಮುಂದಿನ ಜೀವನಕ್ಕೂ ನ್ಯಾಯಯುತ ಏರ್ಪಾಡನ್ನು ಮಾಡಬೇಕೆಂದು 2001ರಲ್ಲಿ ದಾನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ತಲಾಕ್‌ಗೆ ಸಕಾರಣ ಇರಬೇಕು, ಅದಕ್ಕೆ ಮೊದಲು ಎರಡೂ ಕಡೆಯ ಮಧ್ಯಸ್ಥರ ಮೂಲಕ ರಾಜಿ ಪ್ರಯತ್ನ ನಡೆದಿರಬೇಕೆಂದು 2002ರಲ್ಲಿ ಶಮೀಮ್ ಆರಾ ಪ್ರಕರಣದಲ್ಲಿ ಹೇಳಿತ್ತು. ಈ ಮಧ್ಯಸ್ಥರ ಮಾತು ಕುರ್‌ಆನಿನ ಅನ್ನಿಸಾ ಅಧ್ಯಾಯದಲ್ಲೇ ಇದೆಯಲ್ಲ! ನಾನೇ ಅದನ್ನು ಮಕ್ಕಳಿಗೆ ಕಲಿಸುತ್ತಿದ್ದೆ. ಆದರೂ ನನ್ನ ಮನೆಗೆ ಒಬ್ಬ ಮಧ್ಯಸ್ಥನೂ ಬರಲಿಲ್ಲ, ನಾವೂ ಕೇಳಲಿಲ್ಲ.

ಈಗ ಕಾಲ ಬದಲಾಗಿದೆ. ಒಂದೇ ಉಸಿರಿನ ಮೂರು ತಲಾಕನ್ನು 2017ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಅಸಿಂಧು ಎಂದಿತು. 2019ರ ಕಾಯಿದೆ ಅದನ್ನು ಶಿಕ್ಷಾರ್ಹ ಅಪರಾಧ ಮಾಡಿತು. ಗಂಡನನ್ನು ಜೈಲಿಗೆ ಹಾಕಿದರೆ ಜೀವನಾಂಶ ಯಾರು ಕೊಡುವುದೆಂದು ಕೇಳಿದವರೂ ನಮ್ಮಲ್ಲಿ ಇದ್ದಾರೆ, ಆ ಪ್ರಶ್ನೆಯಲ್ಲೂ ಹುರುಳಿದೆ. ವಿಚ್ಛೇದಿತ ಮುಸ್ಲಿಮ್ ಮಹಿಳೆ ಇತರೆಲ್ಲ ಮಹಿಳೆಯರಂತೆ ಸಾಮಾನ್ಯ ಕಾನೂನಿನಡಿಯೂ ಜೀವನಾಂಶ ಕೇಳಬಹುದೆಂದು 2024ರ ಜುಲೈಯಲ್ಲಿ ತೀರ್ಪು ಬಂದಿದೆ. ಗಂಡನಿಂದ ಬಿಡುಗಡೆ ಬೇಕಾದವಳಿಗೂ ದಾರಿ ಇದೆ. ನಮ್ಮ ದೀನ್‌ನಲ್ಲಿ ಖುಲಾ ಇದೆ. ಎರಡು ವರ್ಷ ಖರ್ಚಿಗೆ ಕೊಡದವನಿಂದ, ನಾಲ್ಕು ವರ್ಷ ಪತ್ತೆಯೇ ಇಲ್ಲದವನಿಂದ ಬಿಡುಗಡೆ ಪಡೆಯಲು 1939ರ ಕಾಯಿದೆಯೇ ಅವಕಾಶ ಕೊಟ್ಟಿದೆ. ವಕೀಲರಿಗೆ ಹಣವಿಲ್ಲವೆಂದು ಹಿಂಜರಿಯಬೇಡಿ. ಆದಾಯ ಎಷ್ಟೇ ಇರಲಿ, ಮಹಿಳೆಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ.

ಆದರೆ ನನ್ನ ಅನುಭವದ ಮಾತು ಹೇಳುತ್ತೇನೆ. ಯಾವ ನ್ಯಾಯಾಧೀಶರೇ ಆಗಲಿ, ಯಾವ ಖಾಝಿಯೇ ಆಗಲಿ, ಮೊದಲು ಕೇಳುವುದು “ದಾಖಲೆ ಏನಿದೆ?” ಎಂದು. ನನ್ನ ಚಿನ್ನದ ವಿಷಯದಲ್ಲಿ ಅಣ್ಣ ಹಿರಿಯರನ್ನು ಕೂರಿಸಿ ಮಾತನಾಡಿದಾಗ ಆ ಕಡೆಯವರು ಹೇಳಿದ್ದು, “ಅಷ್ಟು ಕೊಟ್ಟದ್ದು ನಮಗೆ ಗೊತ್ತಿಲ್ಲ.” ಅಲ್ಲಿಗೆ ಮುಗಿಯಿತು. ಅವರು ಸುಳ್ಳು ಹೇಳಿದರೋ, ನಿಜವಾಗಿಯೂ ಅವರಿಗೆ ಗೊತ್ತಿರಲಿಲ್ಲವೋ, ಅಲ್ಲಾಹನಿಗೇ ಗೊತ್ತು.

ಆ ದಿನ ಮನೆಗೆ ಬಂದು ನನಗೇ ನಾಚಿಕೆಯಾಯಿತು. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಯಾವುದು? ನನ್ನ ವಿದ್ಯಾರ್ಥಿನಿಯರು ಕಣ್ಣು ಮುಚ್ಚಿ ಹೇಳುತ್ತಾರೆ: ಅಲ್‌ಬಕರದ 282ನೆಯ ಸೂಕ್ತ. ಅದರ ವಿಷಯವೇನು? ಸಾಲದ ವ್ಯವಹಾರವನ್ನು ಬರೆದಿಡುವುದು, ಸಾಕ್ಷಿಗಳನ್ನು ನಿಲ್ಲಿಸುವುದು, ಮೊತ್ತ ಸಣ್ಣದಿರಲಿ ದೊಡ್ಡದಿರಲಿ ಬರೆಯಲು ಉದಾಸೀನ ಮಾಡದಿರುವುದು. ಬರೆದಿಡುವುದು ಅಪನಂಬಿಕೆಯಾಗಿದ್ದರೆ ಅಲ್ಲಾಹನು ವಿಶ್ವಾಸಿಗಳಿಗೆ ಅಷ್ಟು ವಿವರವಾಗಿ ಅದನ್ನು ಆದೇಶಿಸುತ್ತಿದ್ದನೇ? ನಾನು ಆ ಸೂಕ್ತವನ್ನು ತಪ್ಪಿಲ್ಲದೆ ಓದಿ ಬಹುಮಾನ ಪಡೆದವಳು. ಹದಿನೈದು ಪವನು ಕೊಡುವಾಗ ಅದು ನೆನಪಾಗಲಿಲ್ಲ.

ಇದೇ ನನ್ನ ಉತ್ತರ. ತಲಾಕ್ ಆಗಲಿ ಎಂದು ಯಾರೂ ಬರೆದಿಡುವುದಿಲ್ಲ. ಬಾಳುವ ಮನೆಯಲ್ಲೂ ಗಂಡ ಅಕಾಲದಲ್ಲಿ ತೀರಿಕೊಳ್ಳಬಹುದು, ಪಾಲು ಪಂಚಾಯಿತಿ ಬರಬಹುದು, ವ್ಯಾಪಾರ ಮುಳುಗಬಹುದು. ಬರೆದಿಟ್ಟದ್ದು ಆಗ ಗಂಡಿನ ಮನೆಯವರನ್ನೂ ಅಪವಾದದಿಂದ ಕಾಪಾಡುತ್ತದೆ.

ಆದ್ದರಿಂದ ತಾಯಂದಿರೇ, ಮಗಳಿಗೆ ಸೀರೆ ಆರಿಸುವ ಮೊದಲು ಅವಳ ಹೆಸರಿನಲ್ಲಿ ಒಂದು ಬ್ಯಾಂಕ್ ಖಾತೆ ಮಾಡಿಸಿ, ಅದರ ಪುಸ್ತಕ ಅವಳ ಬಳಿಯೇ ಇರಲಿ. ಮಹ್ರ್ ಅವಳ ಸೊತ್ತೆಂದು ಅವಳಿಗೆ ಕಲಿಸಿ. ಅದರಿಂದ ಗಂಡನಿಗೆ ನೆರವಾಗುವುದಾದರೆ ಸಂತೋಷದಿಂದ ಕೊಡಲಿ, ದಾನವೋ ಸಾಲವೋ ಎಂದು ಬರೆದು ಕೊಡಲಿ. ಅವಳ ಶಾಲೆಯ ಅಂಕಪಟ್ಟಿಗಳನ್ನು ಮದುವೆಯ ಬಳಿಕ ಅಟ್ಟಕ್ಕೆ ಹಾಕಬೇಡಿ. ಒಂದು ಕಸುಬನ್ನು ಅವಳ ಕೈಗೆ ಕೊಡಿ. ಅದು ಬೀಡಿಯೇ ಆಗಬೇಕೆಂದು ಹೇಳಲಾರೆ. ಹೊಗೆಸೊಪ್ಪಿನ ಧೂಳು ಉಮ್ಮನ ಎದೆಗೆ ಏನು ಮಾಡಿತೆಂದು ಅವರ ರಾತ್ರಿಯ ಕೆಮ್ಮನ್ನು ಕೇಳಿದ ನಾನು ಬಲ್ಲೆ. ತನ್ನ ಮೊಮ್ಮಗಳ ಕೈಗೆ ತಡ್ಪೆ ಬಾರದಿರಲೆಂದೇ ಅವರು ಅಷ್ಟು ಕಟ್ಟಿದ್ದು.

ಆ ಮೊಮ್ಮಗಳು ಬಿ.ಕಾಂ. ಮಾಡಿದಳು. ಸ್ವಂತ ಸಂಪಾದನೆ ಆರಂಭವಾದ ಮೇಲೆಯೇ ಅವಳ ಮದುವೆ ಮಾಡಿದೆವು. ನಿಕಾಹ್‌ಗೆ ಅವಳ ತಂದೆ ಬಂದರು. ವಲಿಯ ಸ್ಥಾನ ಅವರದ್ದು, ಅದನ್ನು ನಾನು ಅಲ್ಲಗಳೆಯಲಿಲ್ಲ. ಇಪ್ಪತ್ತು ವರ್ಷಗಳ ಬಳಿಕ ಅವರನ್ನು ಬಾಗಿಲ ಸಂದಿಯಿಂದ ಕಂಡೆ, ತಲೆ ನೆರೆತಿತ್ತು. ಮಹ್ರ್ ಎಷ್ಟೆಂದು ನಿಕಾಹ್ ಪುಸ್ತಕದಲ್ಲಿ ಬರೆದರು. ಅನಂತರ ಅಣ್ಣ ಚಿನ್ನದ ಪಟ್ಟಿಯನ್ನು ಓದಿದ. ಹುಡುಗ ಸಹಿ ಹಾಕಿದ, ಹುಡುಗನ ತಂದೆ ಹಾಕಿದರು. ಪಟ್ಟಿ ಮಗಳ ತಂದೆಯ ಕೈಗೆ ಬಂತು. ಅವರು ಅದನ್ನು ಬಹಳ ಹೊತ್ತು ಓದಿದರು. ಒಂದು ಪುಟ ಓದಲು ಅಷ್ಟು ಹೊತ್ತು ಬೇಕಿರಲಿಲ್ಲ. ಕೊನೆಗೆ ಅವರೂ ಸಹಿ ಹಾಕಿದರು. ನನ್ನ ಹದಿನೈದು ಪವನಿನ ಬಗ್ಗೆ ಅವರು ಮಾತನಾಡಲಿಲ್ಲ, ನಾನೂ ಕೇಳಲಿಲ್ಲ.

ಊಟವಾದ ಮೇಲೆ ವರನ ಅತ್ತೆ ನನ್ನ ಬಳಿ ಬಂದು ಕುಳಿತರು. ಅದೇ ಅತ್ತೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮೆಲ್ಲಗೆ ಕೇಳಿದರು: “ಟೀಚರೇ, ಆ ಪಟ್ಟಿ ಹೇಗೆ ಬರೆಯುವುದು? ನನ್ನ ಕಿರಿಯ ಮಗಳ ಮದುವೆ ಶವ್ವಾಲ್‌ನಲ್ಲಿ.”

ಅವರಿಗೆ ಬರೆದು ಕೊಟ್ಟೆ. ನೀವು ಯಾವಾಗ ಬರೆಯುತ್ತೀರಿ?